ಎಕ್ಸ್‌ರೇ ಆದ್ಮೇಲೂ ನ್ಯೂಟ್ರಾನ್ ಯಾಕೆ ಬೇಕು? ಟ್ರಾಂಬೆಗೆ ಸ್ಯಾಂಪಲ್ ಕೊಟ್ಟೋರು ಇದ್ದೀರಾ?

ಸೋಮವಾರಪೇಟೆ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಫಿಸಿಕ್ಸ್ ಫೈನಲ್ ಇಯರ್. ಪ್ರಾಜೆಕ್ಟಿಗೆ ಕೋಬಾಲ್ಟ್ ಫೆರೈಟ್ (ಕೋಬಾಲ್ಟ್, ಕಬ್ಬಿಣ, ಆಕ್ಸಿಜನ್ ಸೇರಿದ ಅಯಸ್ಕಾಂತೀಯ ವಸ್ತು) ಪುಡಿ ಮಾಡಿದೀನಿ, ಎಕ್ಸ್‌ರೇ ಡಿಫ್ರಾಕ್ಷನ್ (ಕಿರಣ ಚೆದುರೋ ರೀತಿ ನೋಡಿ ಪರಮಾಣುಗಳ ಜೋಡಣೆ ತಿಳಿಯೋದು) ಆಗಿದೆ, ಗ್ರಾಫಲ್ಲಿ ಪೀಕ್ ಎಲ್ಲ ಚೆನ್ನಾಗೇ ಬಂದಿವೆ. ಈಗ ಗೈಡ್ ಮೇಡಂ ಇದನ್ನ ಮುಂಬೈಯ ಟ್ರಾಂಬೆಲಿರೋ ಧ್ರುವ ರಿಯಾಕ್ಟರ್‌ಗೆ ನ್ಯೂಟ್ರಾನ್ ಡಿಫ್ರಾಕ್ಷನ್‌ಗೂ ಕೊಡೋಣ ಅಂತಿದಾರೆ. ಒಂದೇ ಪುಡಿಗೆ ಎರಡೆರಡು ಸಲ ಯಾಕೆ ಅನ್ನೋದು ನಂಗೆ ಇನ್ನೂ ತಲೆಗೆ ಹತ್ತಿಲ್ಲ. ಮನೇಲಿ ಅಪ್ಪಂಗೆ ರಿಯಾಕ್ಟರ್ ಅಂದ ಕೂಡ್ಲೇ ಭಯ, ಹೋಗೋದೇ ಬೇಡ ಅಂತಿದಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ವಿರಾಜಪೇಟೆ_ಅಣ್ಣ:
ತಂಗಿ, ನಾನು ಪಿಎಚ್‌ಡಿ ಟೈಮಲ್ಲಿ ಅಲ್ಲಿಗೆ ಹೋಗಿದ್ದೆ. ನಿನ್ನ ಸ್ಯಾಂಪಲ್‌ಗೆ ನ್ಯೂಟ್ರಾನ್ ಬೇಕೇ ಬೇಕು. ಎಕ್ಸ್‌ರೇ ನೋಡೋದು ಎಲೆಕ್ಟ್ರಾನ್‌ನ, ಕಬ್ಬಿಣದಲ್ಲಿ 26, ಕೋಬಾಲ್ಟಲ್ಲಿ 27, ಒಂದೇ ಒಂದು ವ್ಯತ್ಯಾಸ, ಹಾಗಾಗಿ ಯಾವ ಜಾಗದಲ್ಲಿ ಯಾವುದು ಕೂತಿದೆ ಅಂತ ಮಾಮೂಲಿ ಎಕ್ಸ್‌ರೇಗೆ ಹೇಳೋದು ತುಂಬಾ ಕಷ್ಟ. ನ್ಯೂಟ್ರಾನ್ ಚೆದುರೋದು ನ್ಯೂಕ್ಲಿಯಸ್‌ನಿಂದ. ಅದು ಎಷ್ಟು ಜೋರಾಗಿ ಚೆದುರುತ್ತೆ ಅನ್ನೋ ಅಳತೆ, ಅಂದ್ರೆ ಸ್ಕ್ಯಾಟರಿಂಗ್ ಲೆಂತ್, ಕಬ್ಬಿಣಕ್ಕೆ 9.45, ಕೋಬಾಲ್ಟಿಗೆ 2.49 ಫೆಮ್ಟೋಮೀಟರ್, ಹತ್ತತ್ರ ನಾಲ್ಕು ಪಟ್ಟು! ನಿನ್ನ ಪುಡಿಯ ಹರಳಿನ ರಚನೆಗೆ ಸ್ಪಿನೆಲ್ ಅಂತಾರೆ, ಅದರಲ್ಲಿ ಲೋಹದ ಪರಮಾಣು ಕೂರೋಕೆ ಎ, ಬಿ ಅಂತ ಎರಡು ಥರದ ಜಾಗ, ಎ ಸೈಟಲ್ಲಿ ಎಷ್ಟು ಕೋಬಾಲ್ಟ್, ಬಿ ಸೈಟಲ್ಲಿ ಎಷ್ಟು ಅಂತ ಲೆಕ್ಕ ಹಾಕ್ಬಹುದು. ಅದೂ ಅಲ್ದೆ ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲದಿದ್ರೂ ಅದೇ ಒಂದು ಪುಟ್ಟ ಅಯಸ್ಕಾಂತ, ಪರಮಾಣುಗಳ ಮ್ಯಾಗ್ನೆಟಿಕ್ ಮೊಮೆಂಟ್ ಯಾವ ಕಡೆ ತಿರುಗಿದೆ ಅನ್ನೋದೂ ಅದೇ ಡೇಟಾದಲ್ಲಿ ಸಿಗುತ್ತೆ. ಈ ವಿದ್ಯೆ ಬೆಳೆಸಿದ್ದಕ್ಕೇ ಶಲ್ ಮತ್ತೆ ಬ್ರಾಕ್‌ಹೌಸ್ ಅನ್ನೋ ವಿಜ್ಞಾನಿಗಳಿಗೆ 1994ರಲ್ಲಿ ನೊಬೆಲ್ ಬಂದಿದ್ದು.

ಧ್ರುವ 100 ಮೆಗಾವಾಟ್ ರಿಯಾಕ್ಟರ್, 1985ರಿಂದ ಇದೆ. ಯೂನಿವರ್ಸಿಟಿಯವ್ರು ಯುಜಿಸಿ-ಡಿಎಇ ಕನ್ಸೋರ್ಟಿಯಮ್‌ನ (ಯೂನಿವರ್ಸಿಟಿಗಳಿಗೆ ಅಣುಶಕ್ತಿ ಇಲಾಖೆಯ ಸೌಲಭ್ಯ ಕೊಡಿಸೋ ಸಂಸ್ಥೆ) ಮುಂಬೈ ಸೆಂಟರ್ ಮೂಲಕ ಪ್ರಪೋಸಲ್ ಹಾಕ್ಬಹುದು. ಎಕ್ಸ್‌ರೇಗೆ ಚಿಟಿಕೆ ಪುಡಿ ಸಾಕು, ಇಲ್ಲಿ ಗ್ರಾಂ ಲೆಕ್ಕ, ನ್ಯೂಟ್ರಾನ್ ಬೀಮ್ ಅಷ್ಟು ವೀಕು. ಪುಡಿನ ವೆನೇಡಿಯಂ ಡಬ್ಬಿಲಿ ತುಂಬ್ತಾರೆ, ಯಾಕಂದ್ರೆ ವೆನೇಡಿಯಂದು ಪೀಕ್ ಅಂತ ಕಾಣೋದೇ ಇಲ್ಲ. ಆಮೇಲೆ ಒಂದು ಪ್ಯಾಟರ್ನ್‌ಗೆ ಗಂಟೆಗಟ್ಟಲೆ ಕಾಯ್ಬೇಕು.

ಒಂದು ಮಾತು ಮರೀಬೇಡ. ನಮ್ಮ ಜೂನ್-ಜುಲೈ ಮಳೆಗೆ ಪುಡಿ ಥಂಡಿ ಎಳ್ಕೊಳ್ಳುತ್ತೆ. ನೀರಲ್ಲಿರೋ ಹೈಡ್ರೋಜನ್ ನ್ಯೂಟ್ರಾನ್‌ನ ಎಲ್ಲಾ ದಿಕ್ಕಿಗೂ ಚೆದುರಿಸಿ ಬ್ಯಾಕ್‌ಗ್ರೌಂಡ್ (ಗ್ರಾಫಿನ ತಳ) ಏರಿಸುತ್ತೆ, ಸಣ್ಣ ಪೀಕ್ ಮುಳುಗೇ ಹೋಗುತ್ತೆ. ಚೆನ್ನಾಗಿ ಒಣಗಿಸಿ ಸೀಲ್ ಮಾಡಿ ತಗೊಂಡೋಗು.

ತೋಟದ_ಮನೆ:
ಮಗಳೇ, ನಾನು ಕಾಫಿ ಬೆಳೆಗಾರ, ಫಿಸಿಕ್ಸ್ ಓದ್ದೋನಲ್ಲ. ಆದ್ರೆ ಹೈಡ್ರೋಜನ್ ವಿಷಯ ಓದಿ ಖುಷಿಯಾಯ್ತು. ಮಣ್ಣಿನ ಮಾಯಿಶ್ಚರ್ ಅಳೆಯೋಕೆ ರಿಸರ್ಚ್ ಮಾಡೋರು ನ್ಯೂಟ್ರಾನ್ ಪ್ರೋಬ್ ಅಂತ ಒಂದು ಇಡ್ತಾರೆ. ನೆಲಕ್ಕೆ ಪೈಪ್ ಇಳಿಸಿ ಅದರೊಳಗೆ ಬಿಟ್ರೆ, ವೇಗದ ನ್ಯೂಟ್ರಾನ್ ನೀರಿನ ಹೈಡ್ರೋಜನ್‌ಗೆ ಬಡಿದು ನಿಧಾನ ಆಗುತ್ತೆ, ನಿಧಾನ ಆದವನ್ನ ಎಣಿಸಿದ್ರೆ ನೀರು ಎಷ್ಟಿದೆ ಅಂತ ಗೊತ್ತಾಗುತ್ತೆ. ನಿಮ್ಮಪ್ಪಂಗೆ ಇದನ್ನ ಹೇಳು, ತೋಟದವ್ರಿಗೆ ಬೇಗ ಅರ್ಥ ಆಗುತ್ತೆ. ಅಣ್ಣಂಗೊಂದು ಪ್ರಶ್ನೆ, ಮಣ್ಣೊಳಗಿನ ಬೇರು ನೀರು ಕುಡಿಯೋದನ್ನ ನೋಡೋಕಾಗುತ್ತಾ?

ವಿರಾಜಪೇಟೆ_ಅಣ್ಣ:
ಆಗುತ್ತೆ ಅಂಕಲ್, ನ್ಯೂಟ್ರಾನ್ ಇಮೇಜಿಂಗ್ ಅಂತಾರೆ. ಸಣ್ಣ ಅಲ್ಯೂಮಿನಿಯಂ ಡಬ್ಬಿಲಿ ಗಿಡ ಬೆಳೆಸಿ ಬೀಮಲ್ಲಿ ಇಡ್ತಾರೆ, ಅಲ್ಯೂಮಿನಿಯಂ ಗಾಜಿನ ಥರ, ಬೇರಿನ ನೀರು ಮಾತ್ರ ಕಪ್ಪಗೆ ಕಾಣುತ್ತೆ. ಭಾರಜಲ (ಭಾರದ ಹೈಡ್ರೋಜನ್ ಇರೋ ನೀರು) ಹಾಕಿದ್ರೆ ಅದು ತಿಳಿಯಾಗಿ ಕಾಣೋದ್ರಿಂದ, ಹೊಸ ನೀರು ಯಾವ ಬೇರಿಗೆ ಹೋಯ್ತು ಅಂತ ಬೇರೆ ಮಾಡಿ ನೋಡ್ಬಹುದು.

ತಂಗಿ, ಅಪ್ಪನ ಭಯದ ವಿಷಯ. ಬೀಮ್‌ನ ಶಟರ್ ಮುಚ್ಚಿದ್ಮೇಲೇ ಸ್ಯಾಂಪಲ್ ಇಡೋದು, ತೆಗೆಯೋದು, ವಿಕಿರಣ ಅಳೆಯೋ ಬ್ಯಾಡ್ಜ್ ಹಾಕ್ಕೊಂಡೇ ಇರ್ಬೇಕು, ಅಲ್ಲಿನವ್ರು ಒಂಟಿಯಾಗಿ ಬಿಡಲ್ಲ. ಆದ್ರೆ ಕೋಬಾಲ್ಟ್‌ದು ಹೇಳ್ಲೇಬೇಕು. ನ್ಯೂಟ್ರಾನ್ ನುಂಗಿದ ಕೋಬಾಲ್ಟ್-59, ವಿಕಿರಣ ಸೂಸೋ ಕೋಬಾಲ್ಟ್-60 ಆಗುತ್ತೆ, ಅದರ ಅರ್ಧಾಯುಷ್ಯ 5 ವರ್ಷದ ಮೇಲೆ. ಬೀಮಲ್ಲಿ ಆಗೋದು ತೀರಾ ಕಮ್ಮಿ, ಆದ್ರೂ ಮೀಟರ್ ಹಿಡಿದು ನೋಡಿ ಸರಿ ಅನ್ಸಿದ್ರೆ ಮಾತ್ರ ವಾಪಸ್ ಕೊಡೋದು. ಬೇರೆ ಅಳತೆಗೆ ಬೇಕಾದ ಪುಡಿ ಮನೇಲೇ ಇಟ್ಕೊಂಡು ಹೋಗು.

ಸೋಮವಾರಪೇಟೆ_ಹುಡುಗಿ:
ತುಂಬಾ ಥ್ಯಾಂಕ್ಸ್ ಅಣ್ಣ, ಅಂಕಲ್. ಪ್ರೋಬ್ ವಿಷಯ ಹೇಳ್ದೆ, ಅಪ್ಪ ಈಗ ತಾವೇ ಮುಂಬೈ ತನಕ ಬರ್ತೀನಿ ಅಂತಿದಾರೆ. ಆದ್ರೆ ನನ್ನತ್ರ ಇರೋದು 2 ಗ್ರಾಂ. ಇನ್ನೊಂದು ಬ್ಯಾಚ್ ಮಾಡ್ದಾಗ ಮಳೆಗೆ ಕರೆಂಟ್ ಹೋಗಿ ಫರ್ನೇಸ್ ಮಧ್ಯದಲ್ಲೇ ಆಫ್ ಆಯ್ತು. ಅದನ್ನೂ ಸೇರಿಸ್ಲಾ?

ವಿರಾಜಪೇಟೆ_ಅಣ್ಣ:
ಬೇಡ, ಬೆರೆಸ್ಲೇಬೇಡ. ಕಾಯಿಸಿದ್ದು ಎಷ್ಟು ಬೇಗ ತಣ್ಣಗಾಯ್ತು ಅನ್ನೋದ್ರ ಮೇಲೆ ಕೋಬಾಲ್ಟ್ ಎ ಸೈಟಿಗೆ ಎಷ್ಟು, ಬಿ ಸೈಟಿಗೆ ಎಷ್ಟು ಅಂತ ಬದಲಾಗುತ್ತೆ, ನೀನು ಹುಡುಕ್ತಿರೋದೂ ಅದನ್ನೇ. ಯುಪಿಎಸ್ ಇರೋ ಲ್ಯಾಬಲ್ಲಿ ಒಂದೇ ಸಲಕ್ಕೆ 8-10 ಗ್ರಾಂ ಮಾಡ್ಕೋ, ಎಕ್ಸ್‌ರೇ ಮತ್ತೆ ತೆಗಿ, ಆಮೇಲೆ ಪ್ರಪೋಸಲ್ ಬರಿ. ಬರೆದಾದ್ಮೇಲೆ ಇಲ್ಲೇ ಹಾಕು, ನೋಡ್ಕೊಡ್ತೀನಿ.