'ಗುಣ ಇದೆ' ಅಂದರೆ 'ಗುಣ ಆಗುತ್ತದೆ' ಅಂತಲೇ? ರಾಗಿ ಸ್ಟಿಕ್ಕರ್‌ನ ಒಂದು ಸಾಲಿನ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಒಂದು ಸ್ಟಿಕ್ಕರ್ ವಿಚಾರಕ್ಕೆ ಬರೆಯುತ್ತಿದ್ದೇನೆ. ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬಿಲ್ ಬುಕ್, ಉತ್ಸವದ ಹ್ಯಾಂಡ್‌ಬಿಲ್ಲು, ಇಂಥವೇ ಕೆಲಸ. ಹೋದ ತಿಂಗಳು ನಮ್ಮ ಕಡೆಯ ಒಂದು ಸ್ವಸಹಾಯ ಸಂಘದ ಅಕ್ಕಂದಿರು ಬಂದಿದ್ದರು. ರಾಗಿ ಹುರಿಹಿಟ್ಟು, ಮೊಳಕೆ ರಾಗಿ ಹಿಟ್ಟು, ಸಾಮೆ ಅಕ್ಕಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಹಳೇ ಸ್ಟಿಕ್ಕರ್‌ನಲ್ಲಿ ಬರೀ ಇಂಗ್ಲಿಷ್. ಆಂಟಿಆಕ್ಸಿಡೆಂಟ್, ಆಂಟಿ-ಇನ್‌ಫ್ಲಮೇಟರಿ ಪ್ರಾಪರ್ಟಿ ಇದೆ ಅಂತ ಯಾರೋ ಇಂಟರ್ನೆಟ್ಟಿನಿಂದ ಎತ್ತಿ ಕೊಟ್ಟಿದ್ದರಂತೆ. "ಇದನ್ನ ಕನ್ನಡದಲ್ಲಿ ಹಾಕಿ ಕೊಡಿ ಮಾರಾಯ್ರೆ. ನಾವು ಎಂತ ಮಾರ್ತಾ ಇದ್ದೀವಿ ಅಂತ ನಮಗೂ ಗೊತ್ತಾಗ್ಲಿ" ಅಂದರು.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಎಸ್ಸಿ ಕೆಮಿಸ್ಟ್ರಿ. ಇದೇನು ಮಹಾ ಅಂತ ಅವರು ಕೂತಿದ್ದಾಗಲೇ ಟೈಪ್ ಮಾಡಿ ಪ್ರೂಫ್ ಕೊಟ್ಟೆ: 'ರಾಗಿಯಲ್ಲಿ ಉತ್ಕರ್ಷಣ ನಿರೋಧಕ ಹಾಗೂ ಉರಿಯೂತ ನಿರೋಧಕ ಗುಣಗಳಿವೆ.'

ಒಬ್ಬರು ಗಟ್ಟಿಯಾಗಿ ಓದಿದರು. ಇನ್ನೊಬ್ಬರು ತಡೆದರು. "ಉತ್ಕರ್ಷ ಅಂದ್ರೆ ಏಳಿಗೆ ಅಲ್ವಾ? ರಾಗಿ ತಿಂದ್ರೆ ಏಳಿಗೆ ನಿಂತು ಹೋಗ್ತದೆ ಅಂತ ಬರೆದಿದ್ದೀರಲ್ಲ!" ಎಲ್ಲರೂ ನಕ್ಕರು. 'ನಿರೋಧಕ'ಕ್ಕೆ ಹಿಂದೆ ಕೂತಿದ್ದ ಇಬ್ಬರು ಬೇರೆಯೇ ಕಾರಣಕ್ಕೆ ಸೆರಗು ಬಾಯಿಗೆ ಹಿಡಿದರು. ಗೋಡೆ ಮೇಲಿನ ಹಳೇ ಕುಟುಂಬ ಯೋಜನೆ ಜಾಹೀರಾತು ನೋಡಿ ಬೆಳೆದವರಿಗೆ ಆ ಪದ ಇನ್ನೂ ಬಿಟ್ಟಿಲ್ಲ.

ಉತ್ಕರ್ಷಣ ಅಂದರೆ ಇಂಗ್ಲಿಷಿನ ಆಕ್ಸಿಡೇಶನ್. ಅದರ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಪದ ಮಾಡಿದವರು ಸುಮ್ನೆ ಮಾಡಿಲ್ಲ. ಒಂದು ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡರೆ ಅದರ ಉತ್ಕರ್ಷಣ ಸಂಖ್ಯೆ ಏರುತ್ತದೆ. ಮೇಲಕ್ಕೆ ಹೋದರೆ ಉತ್ಕರ್ಷಣ, ಕೆಳಗೆ ಬಂದರೆ ಅಪಕರ್ಷಣ. ಪರೀಕ್ಷೆ ಬರೆಯುವ ಹುಡುಗರಿಗೆ ಈ ಜೋಡಿ ಚೆನ್ನಾಗಿದೆ. ಆದರೆ ಹಿಟ್ಟಿನ ಪೊಟ್ಟಣ ಕೊಳ್ಳುವವರು ಪರೀಕ್ಷೆ ಬರೆಯುವುದಿಲ್ಲ. 'ಆಮ್ಲಜನಕೀಕರಣ' ಅಂತ ಹಾಕೋಣ ಅಂದರೆ ಅಲ್ಲೂ ಒಂದು ಹಳೇ ತಪ್ಪು ಕೂತಿದೆ. ಆಮ್ಲಗಳಿಗೆಲ್ಲ ಈ ಅನಿಲವೇ ಕಾರಣ ಅಂತ 18ನೇ ಶತಮಾನದಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ತಪ್ಪು ತಿಳಿದು ಆಕ್ಸಿಜನ್ ಅಂತ ಹೆಸರಿಟ್ಟ. ನಾವು ಅದನ್ನೇ ನಿಷ್ಠೆಯಿಂದ ಕನ್ನಡ ಮಾಡಿ ಆಮ್ಲಜನಕ ಅಂದೆವು.

ಹಾಗಾದರೆ ಮನೆಮಾತು ಏನಿದೆ? ಇದೇ ರಾಸಾಯನಿಕ ಕ್ರಿಯೆ ಕಣ್ಣೆದುರು ನಡೆದಾಗ ನಮ್ಮಲ್ಲಿ ಒಂದೊಂದಕ್ಕೂ ಪದ ಇದೆ. ಕಬ್ಬಿಣಕ್ಕಾದರೆ ತುಕ್ಕು. ತಾಮ್ರಕ್ಕಾದರೆ ಕಿಲುಬು. ಎಣ್ಣೆಗೆ, ಕೊಬ್ಬರಿಗೆ ಆದರೆ ಕಮಟು. ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುತ್ತದಲ್ಲ, ಅದೂ ಗಾಳಿಯ ಆಕ್ಸಿಜನ್ ಕೆಲಸವೇ. ಅದಕ್ಕೇ ಅಮ್ಮ ಹೆಚ್ಚಿದ ಹೋಳನ್ನು ಹಾಗೇ ಮಜ್ಜಿಗೆ ನೀರಿಗೆ ಬಿಡುತ್ತಿದ್ದಳು. ಇಷ್ಟೆಲ್ಲ ಪದ ಇದ್ದೂ ಎಲ್ಲಕ್ಕೂ ಸೇರಿ ಒಂದು ಪದ ಇಲ್ಲ. ಇದು ಆ ಅಂಗಡಿ ಗದ್ದಲದಲ್ಲೇ ನನಗೆ ಹೊಳೆದದ್ದು.

ನಾನು ಕಮಟಿನ ಉದಾಹರಣೆ ಕೊಟ್ಟು ವಿವರಿಸಿದೆ. ಚಿಪ್ಸ್ ಪೊಟ್ಟಣ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಆಂಟಿಆಕ್ಸಿಡೆಂಟ್ 319 ಅಂತ ಎಷ್ಟೋ ಸಲ ಇರುತ್ತದೆ. ಎಣ್ಣೆ ಕಮಟಾಗದಿರಲಿ ಅಂತ ಹಾಕುವ ರಾಸಾಯನಿಕ ಅದು. ಅಲ್ಲಿ ಅದನ್ನು ಯಾರೂ ಮುಂದೆ ದೊಡ್ಡದಾಗಿ ಹಾಕಿಕೊಳ್ಳುವುದಿಲ್ಲ. ಅದೇ ಪದ ರಾಗಿ ಪೊಟ್ಟಣದಲ್ಲಿ ಹಸಿರು ಬಣ್ಣದಲ್ಲಿ ಮಿಂಚುತ್ತದೆ. "ಹಾಗಾದ್ರೆ 'ಕಮಟುತಡೆ' ಅಂತ ಹಾಕಿ" ಅಂದರು ಒಬ್ಬರು. ಪದ ನನಗೆ ತುಂಬಾ ಹಿಡಿಸಿತು. ಮರುಕ್ಷಣವೇ ಇನ್ನೊಬ್ಬರು, "ಮತ್ತೆ ಸಜ್ಜೆ ಹಿಟ್ಟು ನಾಲ್ಕು ದಿನಕ್ಕೇ ಕಮಟಾಗ್ತದಲ್ಲ, ಅದ್ರಲ್ಲಿ ಇದು ಇಲ್ವಾ?" ಅಂದರು. ಇದೆ. ಆದರೆ ಸಜ್ಜೆಯಲ್ಲಿ ಕೊಬ್ಬೂ ಜಾಸ್ತಿ. ಬೀಸಿದ ಕೂಡಲೇ ಕಾಳಿನೊಳಗಿನ ಕಿಣ್ವಗಳು ಆ ಕೊಬ್ಬಿನ ಮೇಲೆ ಬೀಳುತ್ತವೆ. ಅಲ್ಲಿಗೆ 'ಕಮಟುತಡೆ' ಬಿದ್ದುಹೋಯಿತು. ಇನ್ನು ನಾನು ಆಂಟಿಆಕ್ಸಿಡೆಂಟ್ ಅಂತಲೇ ಬಿಡುವ ಮನಸ್ಸು ಮಾಡಿದ್ದೇನೆ. ವಿಟಮಿನ್, ಪ್ರೋಟೀನ್ ಕನ್ನಡ ಆಗಿಲ್ಲವೇ.

ಉರಿಯೂತದ ಕಥೆ ಬೇರೆ. ಅದು ಒಳ್ಳೇ ಪದ. ಉರಿ ಸೇರಿತು, ಊತ ಸೇರಿತು, ಯಾರಿಗೂ ವಿವರಿಸಬೇಕಿಲ್ಲ. ವೈದ್ಯಗ್ರಂಥ ಬರೆದ ರೋಮಿನ ಸೆಲ್ಸಸ್ ಸುಮಾರು 2,000 ವರ್ಷದ ಹಿಂದೆ ಇದಕ್ಕೆ ನಾಲ್ಕು ಗುರುತು ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ ಪದದಲ್ಲಿ ಅರ್ಧ ಹಾಗೇ ಇದೆ. ನಮ್ಮ ಕಡೆ 'ನಂಜು' ಅಂತಲೂ ಅನ್ನುತ್ತಾರೆ. ಗಾಯ ಆದಾಗ ಬದನೆಕಾಯಿ ತಿನ್ನಬೇಡ, ನಂಜು ಅನ್ನುವುದಿಲ್ಲವೇ. ಆದರೆ ನಂಜುನಿರೋಧಕ ಅಂದರೆ ಆಗಲೇ ಡೆಟಾಲ್ ನೆನಪಾಗುತ್ತದೆ. ಕಾಲು ಉಳುಕಿದರೆ ಊತ ಬರುತ್ತದೆ, ಅಲ್ಲಿ ನಂಜು ಇರುವುದಿಲ್ಲ. ಹಾಗಾಗಿ ನಂಜು ಬೇಡ.

ಉರಿಯೂತಕ್ಕೆ ಇರುವ ತೊಂದರೆ ಅದರ ಸ್ಪಷ್ಟತೆಯದ್ದೇ. ಸಿರಿಧಾನ್ಯದ ವಿಚಾರದಲ್ಲಿ ಹೆಚ್ಚಾಗಿ ಹೇಳುವ ಉರಿಯೂತದಲ್ಲಿ ಹೊರಗೆ ಉರಿಯೂ ಕಾಣದು, ಊತವೂ ಕಾಣದು. ಸಕ್ಕರೆ ಕಾಯಿಲೆ, ಬೊಜ್ಜು, ರಕ್ತನಾಳದ ತೊಂದರೆ ಇರುವವರಲ್ಲಿ ಒಳಗೊಳಗೇ ವರ್ಷಗಟ್ಟಲೆ ಸಣ್ಣಗೆ ಹೊಗೆಯಾಡುವಂಥದ್ದು. ರಕ್ತದಲ್ಲಿ ಸಿಆರ್‌ಪಿ (ಉರಿಯೂತ ಇದ್ದಾಗ ಏರುವ ಒಂದು ಪ್ರೋಟೀನ್) ಪರೀಕ್ಷೆ ಮಾಡಿದರೆ ಸುಳಿವು ಸಿಗಬಹುದು, ಕನ್ನಡಿಯಲ್ಲಿ ಸಿಗುವುದಿಲ್ಲ.

ಈಗ ನನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ಇಷ್ಟು ಹೊತ್ತು ನಾವು ಗುದ್ದಾಡಿದ್ದು ಎರಡು ಕಷ್ಟದ ಪದಗಳ ಜತೆ. ಎಡವಿದ್ದು ಮೂರನೇ ಸುಲಭದ ಪದಕ್ಕೆ.

ಪ್ರೂಫ್ ಟೇಬಲ್ ಮೇಲೇ ಇತ್ತು. ಮಗಳ ಮದುವೆ ಕಾಗದ ತಿದ್ದಿಸಲು ಬಂದಿದ್ದ ಹಿರಿಯರೊಬ್ಬರು ಅದನ್ನು ಕನ್ನಡಕ ಏರಿಸಿಕೊಂಡು ಓದಿದರು. ತೋಟದಲ್ಲಿ ಜಾರಿ ಬಿದ್ದು ಅವರ ಪಾದ ಬಾತುಕೊಂಡಿತ್ತು, ಅರಿಶಿನ ಪಟ್ಟು ಹಾಕಿದ್ದರು. "ಇದು ಎಲ್ಲಿ ಸಿಗ್ತದಾ? ಒಂದು ಎರಡು ಕೇಜಿ ತಗಳ್ಳನ" ಅಂದರು. ಯಾಕೆ ಅಂದೆ. "ಊತ ಗುಣ ಆಗ್ತದೆ ಅಂತ ಬರೆದಿದ್ಯಲ್ಲ" ಅಂದರು.

ನಾನು ಬರೆದದ್ದು 'ಗುಣಗಳಿವೆ'. ಅವರು ಓದಿದ್ದು 'ಗುಣ ಆಗ್ತದೆ'. ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಗುಣ ಅಂದರೆ ಸ್ವಭಾವವೂ ಹೌದು, ಕಾಯಿಲೆ ವಾಸಿಯಾಗುವುದೂ ಹೌದು. ಹುಡುಗನ ಗುಣ ಒಳ್ಳೇದು ಅನ್ನುತ್ತೇವೆ, ಜ್ವರ ಗುಣ ಆಯಿತು ಅಂತಲೂ ಅನ್ನುತ್ತೇವೆ. ಪಕ್ಕದಲ್ಲಿ ಕಾಯಿಲೆಯ ಪದ ಇದ್ದರೆ ಓದುವವರ ಮನಸ್ಸು ಎರಡನೇ ಅರ್ಥಕ್ಕೇ ಹೋಗುತ್ತದೆ. ಇಂಗ್ಲಿಷಿನ ಪ್ರಾಪರ್ಟಿಗೆ ಈ ಕಾಟ ಇಲ್ಲ. ಅಲ್ಲಿ ಸುಮ್ಮನಿದ್ದ ವಾಕ್ಯ ನಮ್ಮಲ್ಲಿ ಬಂದು ವೈದ್ಯ ಆಗಿಬಿಡುತ್ತದೆ. ಆಹಾರದ ಪೊಟ್ಟಣದ ಮೇಲೆ ರೋಗ ವಾಸಿಯಾಗುತ್ತದೆ ಅಂತ ಹಾಕುವಂತಿಲ್ಲ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2018ರ ನಿಯಮ ಇದೆ. ಇಂಗ್ಲಿಷಿನಲ್ಲಿ ಹೇಗೋ ದಾಟಿಕೊಂಡ ಸಾಲು ಕನ್ನಡದಲ್ಲಿ ಸಿಕ್ಕಿಬೀಳುತ್ತದೆ.

ಹಾಗಾದರೆ ರಾಗಿಯಲ್ಲಿ ಇರುವುದು ಏನು? ಆಂಟಿಆಕ್ಸಿಡೆಂಟ್ ಕೆಲಸ ಮಾಡುವ ಫಿನಾಲ್ ಜಾತಿಯ ವಸ್ತುಗಳು. ಫೆರುಲಿಕ್ ಆಮ್ಲ, ಕ್ಯಾಟೆಚಿನ್, ಟ್ಯಾನಿನ್, ಇಂಥವು. ಹೆಚ್ಚಿನ ಪಾಲು ಇರುವುದು ಕಾಳಿನ ಕೆಂಪು ಸಿಪ್ಪೆಯಲ್ಲಿ. ರಾಗಿಯ ಸಿಪ್ಪೆ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ತಿರುಳೋ ಮೆತ್ತಗೆ. ಅಕ್ಕಿಯ ಹಾಗೆ ಪಾಲಿಶ್ ಮಾಡಲು ಹೋದರೆ ಪುಡಿ ಆಗುತ್ತದೆ. ಅದಕ್ಕೇ ಮೊದಲಿಂದಲೂ ಸಿಪ್ಪೆ ಸಮೇತ ಬೀಸುತ್ತಾರೆ, ಸಿಪ್ಪೆಯ ಸತ್ವ ಹಿಟ್ಟಿನಲ್ಲೇ ಉಳಿಯುತ್ತದೆ. ಸಾಮೆ ಹಾಗಲ್ಲ. ಉಮಿ ತೆಗೆದ ಮೇಲೂ ಬಿಡದೆ ಬೆಳ್ಳಗೆ ಪಾಲಿಶ್ ಮಾಡಿದರೆ ತೌಡಿನ ಜತೆ ಇವೂ ಹೋಗುತ್ತವೆ. ಉಮಿ, ತೌಡು ಅಂದ ಕೂಡಲೇ ಅಕ್ಕಂದಿರಿಗೆ ಅರ್ಥ ಆಯಿತು. ಮಲೆನಾಡಿನವರಿಗೆ ಅಕ್ಕಿ ಮಿಲ್ಲಿನ ಭಾಷೆ ಹೇಳಿಕೊಡಬೇಕಾ? ಬೆಳ್ಳನೆ ಸಾಮೆ ಪೊಟ್ಟಣದಿಂದ ಆ ಸಾಲು ತೆಗೆಯಲು ಅವರೇ ಹೇಳಿದರು.

ಅಳೆಯುವುದು ಹೇಗೆ ಅಂತಲೂ ಕೇಳಿದರು. ಡಿಪಿಪಿಎಚ್ ಅಂತ ನೇರಳೆ ಬಣ್ಣದ ದ್ರಾವಣ ಇದೆ. ಅದಕ್ಕೆ ರಾಗಿ ಸಿಪ್ಪೆಯ ಸಾರ ಹಾಕಿದರೆ ನೇರಳೆ ಮಾಸಿ ಹಳದಿಗೆ ತಿರುಗುತ್ತದೆ. ಎಷ್ಟು ಮಾಸಿತೋ ಅಷ್ಟು ಆಂಟಿಆಕ್ಸಿಡೆಂಟ್. ಇದು ಗಾಜಿನ ನಳಿಗೆಯಲ್ಲಿ ಆಗುವ ಕೆಲಸ. ಉರಿಯೂತದ ಲೆಕ್ಕ ಬಹುಪಾಲು ಜೀವಕೋಶ ಮತ್ತು ಇಲಿಗಳ ಮೇಲೆ ನೋಡಿದ್ದು, ಮನುಷ್ಯರ ಮೇಲೆ ನೋಡಿದ್ದು ಕಡಿಮೆ.

ಟ್ಯಾನಿನ್‌ಗೆ ಮಾತ್ರ ನಮ್ಮೂರಲ್ಲಿ ಪದ ರೆಡಿ ಇದೆ: ಚೊಗರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸ, ಮುಟ್ಟಿದರೆ ಬೆರಳು ವಾರ ಬಿಡುವುದಿಲ್ಲ. ರಾಗಿ ಕಾಳು ಹಸಿಯಾಗಿ ಅಗಿದು ನೋಡಿ, ಕೊನೆಯಲ್ಲಿ ನಾಲಿಗೆಗೆ ಸಣ್ಣ ಚೊಗರು ಹತ್ತುತ್ತದೆ. ಬೇರೆ ಕಡೆಯವರು ಒಗರು ಅನ್ನಬಹುದು. ಇದೇ ಚೊಗರು ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದ ಹಾಗೂ ಮಾಡುತ್ತದೆ. ಮೊಳಕೆ ಕಟ್ಟಿದರೆ ಅದು ಕಡಿಮೆ ಆಗುತ್ತದೆ. ಅಂದರೆ ಮೊಳಕೆ ಪೊಟ್ಟಣದಲ್ಲಿ 'ಮೊಳಕೆ ಕಟ್ಟಿದ್ದು' ಅನ್ನುವ ಹೆಮ್ಮೆಗೂ 'ಟ್ಯಾನಿನ್ ಹೇರಳ' ಅನ್ನುವ ಹೆಮ್ಮೆಗೂ ಕೂಡಿಬರುವುದಿಲ್ಲ. ಚೊಗರು ಇದ್ದ ಮಾತ್ರಕ್ಕೆ ಆರೋಗ್ಯ ಅನ್ನುವುದಾದರೆ ಅಡಿಕೆಗೂ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂದಿದೆ. ತೀರ್ಥಹಳ್ಳಿಯಲ್ಲಿ ಕೂತು ಇದನ್ನು ಮೆಲ್ಲಗೆ ಹೇಳುತ್ತಿದ್ದೇನೆ.

ಹಳೇ ಸ್ಟಿಕ್ಕರ್‌ನಲ್ಲಿ ಮುಪ್ಪು ತಡೆಯುತ್ತದೆ ಅಂತಲೂ ಇತ್ತು. ಕನಕದಾಸರು ರಾಗಿಯನ್ನು ಕರೆದದ್ದೇ ನರೆದಲೆಗ ಅಂತ, ಅಂದರೆ ತಲೆ ನರೆತವನು. ಆ ಸಾಲನ್ನು ಮಾತಿಲ್ಲದೆ ಅಳಿಸಿದೆ.

ಸದ್ಯ ನನ್ನ ಪ್ರೂಫ್ ಹೀಗಿದೆ: 'ಸಿಪ್ಪೆ ಸಮೇತ ಬೀಸಿದ ರಾಗಿ. ಕ್ಯಾಲ್ಸಿಯಂ, ನಾರು ಮತ್ತು ಆಂಟಿಆಕ್ಸಿಡೆಂಟ್ ಅಂಶ ಇದೆ.' ಗುಣದ ಬದಲು ಅಂಶ. ಅಂಶ ಅಂದರೆ ಕಾಳಿನಲ್ಲಿ ಇರುವ ವಸ್ತು, ತಿಂದವರಿಗೆ ಏನಾಗುತ್ತದೆ ಅನ್ನುವುದು ಅದರಲ್ಲಿ ಬರುವುದಿಲ್ಲ. ಕ್ಯಾಲ್ಸಿಯಂ ಇದೆ ಅಂದಷ್ಟೇ ಸಾದಾ ಮಾತು. ಆದರೆ ಉರಿಯೂತಕ್ಕೆ ಅಂಶ ಹೊಂದುವುದಿಲ್ಲ. 'ಉರಿಯೂತ ಶಾಮಕ ಅಂಶ' ಅಂದರೆ ಮತ್ತೆ ಔಷಧಿಯೇ ಆಯಿತು. ಅದಕ್ಕೇ ಬಿಟ್ಟಿದ್ದೇನೆ. ಅಕ್ಕಂದಿರಿಗೆ ಅದು ಬೇಕು, ಪಕ್ಕದ ತಾಲ್ಲೂಕಿನವರ ಪೊಟ್ಟಣದಲ್ಲಿ ಇದೆಯಂತೆ.

ನನಗೆ ಬೇಕಾಗಿರುವುದು ಎರಡು. ಪ್ರಾಪರ್ಟಿ ಅನ್ನುವುದಕ್ಕೆ ವಾಸಿಯಾಗುವ ಅರ್ಥ ಹತ್ತದ, ಆದರೆ ಅಡುಗೆಮನೆಯಲ್ಲಿ ಓಡಾಡುವ ಪದ ನಿಮ್ಮ ಕಡೆ ಏನಾದರೂ ಇದೆಯಾ? 'ಸ್ವಭಾವ' ಪ್ರಯತ್ನಿಸಿದೆ, ರಾಗಿಗೆ ಸಿಟ್ಟು ಬರುತ್ತದೆ ಅನ್ನುವ ಹಾಗೆ ಕೇಳಿಸಿತು. ಮತ್ತೆ, ಕಣ್ಣಿಗೆ ಕಾಣದೆ ಒಳಗೇ ಇರುವ ಉರಿಯೂತಕ್ಕೆ ಊತದ ಮಾತಿಲ್ಲದ ಹೆಸರು ಯಾರಾದರೂ ಬಳಸುವುದನ್ನು ಕೇಳಿದ್ದೀರಾ? 'ಒಳಗುದಿ' ಅನ್ನುವುದು ಒಂದು ಸಲ ತಲೆಗೆ ಬಂತು. ಅದು ಹೊಟ್ಟೆಕಿಚ್ಚಿನ ಹಾಗೆ ಇದೆ ಅಂತ ನನ್ನ ಹೆಂಡತಿ ಹೇಳಿದಳು.

ಸ್ಟಿಕ್ಕರ್ ಎರಡು ಇಂಚು ಅಗಲ, ಒಂದು ಸಾಲಿನ ಜಾಗ ಬಿಟ್ಟಿದ್ದೇನೆ. ಸೋಮವಾರ ಶಿವಮೊಗ್ಗಕ್ಕೆ ಪ್ರಿಂಟಿಗೆ ಕಳಿಸಬೇಕು.