ಪದಚರ್ಚೆ: ಕಾರಿನ ‘ಅರ್ಥ್’ಗೆ ‘ಭೂಸಂಪರ್ಕ’ ಒಪ್ಪುವುದೇ? ‘ನೆಲೆ’ ಎನ್ನಬಹುದೇ?

ಮಾನ್ಯರೇ,

ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ತಲೆದೋರುವ ವಿದ್ಯುತ್ ಮತ್ತು ಸೆನ್ಸರ್ ದೋಷಗಳನ್ನು ಹುಡುಕಿ ಸರಿಪಡಿಸುವ ಬಗೆಯನ್ನು ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ಕೆಲವು ತಿಂಗಳಿಂದ ಮಾಡುತ್ತಿದ್ದೇನೆ. ಸೆನ್ಸರ್, ಫ್ಯೂಸ್, ರಿಲೇ, ಬ್ಯಾಟರಿ ಮುಂತಾದ ಪದಗಳನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಸಂವೇದಕ’ ಎಂದು ಬರೆದರೆ ವಿಜ್ಞಾನದ ಪಠ್ಯ ಓದಿದವರಿಗೆ ತಿಳಿದೀತೇ ಹೊರತು ಸ್ಪ್ಯಾನರ್ ಹಿಡಿದವರಿಗೆ ತಿಳಿಯದು ಎಂಬುದು ನನ್ನ ಅನಿಸಿಕೆ. ಆದರೆ ಒಂದು ಪದ ಪುಟಪುಟಕ್ಕೂ ಅಡ್ಡ ಬರುತ್ತಿದೆ. ನಮ್ಮ ಗ್ಯಾರೇಜುಗಳಲ್ಲಿ ‘ಅರ್ಥ್’ ಎಂದೂ ಅಮೆರಿಕದವರಲ್ಲಿ ‘ಗ್ರೌಂಡ್’ ಎಂದೂ ಬಳಕೆಯಲ್ಲಿರುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ನನ್ನ ಪ್ರಶ್ನೆ.

ಸಿದ್ಧವಾಗಿ ಸಿಗುವ ಪದ ‘ಭೂಸಂಪರ್ಕ’. ಮನೆಯ ವಿದ್ಯುತ್ತಿನ ಮಟ್ಟಿಗೆ ಇದರಲ್ಲಿ ತಪ್ಪಿಲ್ಲ. ಗೋಡೆಯ ಪಕ್ಕದಲ್ಲಿ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪನ್ನು ತುಂಬಿ, ಅದರ ನಡುವೆ ಲೋಹದ ತಟ್ಟೆಯನ್ನೋ ಕೊಳವೆಯನ್ನೋ ಹೂತು, ಬೇಸಿಗೆಯಲ್ಲಿ ಆ ಗುಂಡಿಗೆ ಕೊಡಗಟ್ಟಲೆ ನೀರು ಹೊಯ್ಯುವುದನ್ನು ಕಂಡವರಿಗೆ ಭೂಮಿಯ ಸಂಪರ್ಕ ಎಂಬ ಮಾತು ಕಣ್ಣಿಗೆ ಕಟ್ಟುತ್ತದೆ. ಕಾರು ಮಾತ್ರ ನಾಲ್ಕು ರಬ್ಬರ್ ಟೈರುಗಳ ಮೇಲೆ ನಿಂತಿರುತ್ತದೆ. ಅದರೊಳಗಿನ ವಿದ್ಯುತ್ತಿಗೂ ಕೆಳಗಿನ ಮಣ್ಣಿಗೂ ಕೊಡುಕೊಳ್ಳುವಿಕೆಯೇ ಇಲ್ಲ. ಪ್ರತಿಯೊಂದು ದೀಪಕ್ಕೂ ಮೋಟಾರಿಗೂ ಎರಡೆರಡು ತಂತಿ ಎಳೆಯುವುದನ್ನು ತಪ್ಪಿಸಲು ಬ್ಯಾಟರಿಯ ಒಂದು ತುದಿಯನ್ನು ಲೋಹದ ಚೌಕಟ್ಟಿಗೆ ಬಿಗಿದು, ಕರೆಂಟು ಆ ಲೋಹದ ಮೂಲಕವೇ ಹಿಂದಿರುಗುವಂತೆ ಮಾಡಿರುತ್ತಾರೆ, ಅಷ್ಟೆ. ಬ್ರಿಟಿಷರು ಎರಡಕ್ಕೂ ‘ಅರ್ಥ್’ ಎನ್ನುತ್ತಾರೆ. ನಾವು ಅವರಿಂದ ಪದವನ್ನೂ ಗೊಂದಲವನ್ನೂ ಒಟ್ಟಿಗೇ ಪಡೆದೆವು. ಜರ್ಮನ್ನರು ಹಾಗೆ ಮಾಡಿಲ್ಲ. ಮಣ್ಣಿಗೆ ಇಳಿಯುವುದು ಅವರಿಗೆ ‘ಎರ್ಡೆ’, ಕಾರಿನದು ‘ಮಾಸ್ಸೆ’. ಕಾರಿನ ತಂತಿಗಳ ತುದಿಗಳಿಗೆ ಅವರು ಕೊಟ್ಟಿರುವ ಅಂಕಿಗಳಲ್ಲಿ ಬ್ಯಾಟರಿಯಿಂದ ಸದಾ ಬರುವ ಧನ ತುದಿ 30, ಬೀಗದ ಕೈ ತಿರುಗಿಸಿದಾಗ ಬರುವುದು 15, ಮಾಸ್ಸೆ 31.

ಗ್ಯಾರೇಜಿನ ‘ಅರ್ಥ್’ ಅನ್ನೇ ಉಳಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ನಾನೂ ಮೊದಲು ಹಾಗೆಯೇ ಬರೆದೆ. ಆದರೆ ಕರಡನ್ನು ಓದಿದ ಗೆಳೆಯರೊಬ್ಬರು ‘ಈ ಸೆನ್ಸರಿಗೆ ಅರ್ಥ್ ಇಲ್ಲ’ ಎಂಬ ಸಾಲನ್ನು ‘ಈ ಸೆನ್ಸರಿಗೆ ಅರ್ಥ ಇಲ್ಲ’ ಎಂದು ತಿದ್ದಿ, ಬದಿಯಲ್ಲಿ ಪ್ರಶ್ನೆಯ ಗುರುತು ಹಾಕಿ ಕಳುಹಿಸಿದರು. ಇದಕ್ಕಿಂತ ದೊಡ್ಡ ತೊಡಕು ಬಳಕೆಯಲ್ಲೇ ಇದೆ. ‘ಅರ್ಥ್ ಸಿಗ್ತಿಲ್ಲ’ ಎಂದರೆ ಇರಬೇಕಾದ ಸಂಪರ್ಕ ಇಲ್ಲ ಎಂದು. ‘ವೈರು ಅರ್ಥ್ ಆಗಿದೆ’ ಎಂದರೆ ಇರಬಾರದ ಸಂಪರ್ಕ ಆಗಿಬಿಟ್ಟಿದೆ, ಸುಲಿದ ತಂತಿ ಲೋಹಕ್ಕೆ ತಾಗುತ್ತಿದೆ ಎಂದು. ಒಂದೇ ಪದ ಒಮ್ಮೆ ಆರೋಗ್ಯದ ಹೆಸರು, ಇನ್ನೊಮ್ಮೆ ರೋಗದ ಹೆಸರು. ಎದುರಿಗೆ ನಿಂತು ಮಾತನಾಡುವವರಿಗೆ ಇದು ತೊಡಕಲ್ಲ, ಬರೆಹಕ್ಕೆ ತೊಡಕು.

‘ಋಣ ತುದಿ’ ಅಥವಾ ಆಡುಮಾತಿನ ‘ಮೈನಸ್’ ಎಂದುಬಿಡೋಣವೆಂದರೆ ಇತಿಹಾಸ ಒಪ್ಪುವುದಿಲ್ಲ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪಿನ 3.8 ಲೀಟರ್ ಎಂಜಿನ್ನಿನ ಕಾರುಗಳಲ್ಲಿ ಚೌಕಟ್ಟಿಗೆ ಬಿಗಿದಿದ್ದುದು ಬ್ಯಾಟರಿಯ ಧನ ತುದಿ, 1964ರಲ್ಲಿ 4.2 ಲೀಟರಿನ ಎಂಜಿನ್ ಬಂದಾಗ ಅದು ಋಣಕ್ಕೆ ಬದಲಾಯಿತು. ಇಂದಿನ ರೇಡಿಯೊವನ್ನು ತಂದು ಆ ಮೊದಲಿನ ಕಾರಿಗೆ ಯೋಚಿಸದೆ ಜೋಡಿಸಿದವರು ಅದನ್ನು ಸುಟ್ಟುಕೊಳ್ಳುತ್ತಾರೆ. ಹಾಗಾದರೆ ‘ಬಾಡಿ ಅರ್ಥ್’ ಎಂಬುದರ ಜಾಡು ಹಿಡಿದು ‘ಒಡಲು’ ಎನ್ನೋಣವೇ? ಕೇಳಲು ಸೊಗಸಾಗಿದೆ, ಆದರೆ 1953ರಲ್ಲಿ ಬಂದ ಶೆವರ್ಲೆ ಕಾರ್ವೆಟ್ಟಿನ ಒಡಲು ಫೈಬರ್‌ಗ್ಲಾಸಿನದು, ಅದರಲ್ಲಿ ಕರೆಂಟು ಹರಿಯುವುದೇ ಇಲ್ಲ. ದೀಪಕ್ಕಾಗಲಿ ಮಾಪಕಕ್ಕಾಗಲಿ ಅಲ್ಲಿ ಹಿಂದಿರುಗುವ ತಂತಿಯನ್ನು ಬೇರೆಯಾಗಿಯೇ ಎಳೆದು ಉಕ್ಕಿನ ಚೌಕಟ್ಟಿಗೆ ಮುಟ್ಟಿಸಬೇಕು. ಇಂಥ ಕಾರಿನಲ್ಲಿ ‘ಒಡಲಿಗೆ ಸೇರಿಸಿ’ ಎಂದು ಬರೆದರೆ ಓದಿದವನು ತಿರುಪನ್ನು ಪ್ಲಾಸ್ಟಿಕ್ಕಿಗೆ ಬಿಗಿದು ಕೂರುತ್ತಾನೆ.

ನನ್ನ ಮನಸ್ಸಿನಲ್ಲಿರುವ ಪದ ಹೊಳೆದುದು ನಿಘಂಟಿನಿಂದಲ್ಲ, ಒಂದು ರಿಪೇರಿಯಿಂದ. ಸ್ಟುಟ್‌ಗಾರ್ಟಿನ ಹೊರವಲಯದಲ್ಲಿರುವ ಗೆಳೆಯನ ಬಳಿ ಇಪ್ಪತ್ತು ವರ್ಷ ದಾಟಿದ, ಆರು ಸಿಲಿಂಡರಿನ ಒಂದು ಸ್ಪೋರ್ಟ್ಸ್ ಕಾರಿದೆ. ಎಂಜಿನ್ ಬಿಸಿಯೇರಿದ ಮೇಲೂ ಹೊಗೆಯಲ್ಲಿ ಪೆಟ್ರೋಲಿನ ವಾಸನೆ, ಪ್ಲಗ್ಗುಗಳ ಮೇಲೆ ಮಸಿ, ಸಿಗ್ನಲ್ಲಿನಲ್ಲಿ ನಿಂತಾಗ ನಡುಕ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನಲ್ಲಿ ದೋಷದ ಒಂದು ಸಂಕೇತವೂ ದಾಖಲಾಗಿರಲಿಲ್ಲ. ಎಂಜಿನ್ನನ್ನು ತಂಪಾಗಿಡುವ ನೀರಿನ ತಾಪದ ಸೆನ್ಸರನ್ನು ಅವನು ಆಗಲೇ ಎರಡು ಸಲ ಬದಲಾಯಿಸಿದ್ದ. ನೀರು 80 ಡಿಗ್ರಿ ದಾಟಿದೆ ಎಂದು ಹೊರಗಿನಿಂದ ಹಿಡಿದ ಉಷ್ಣಮಾಪಕ ಹೇಳುತ್ತಿದ್ದರೆ, ಕಂಪ್ಯೂಟರು 60ರ ಆಸುಪಾಸಿನಲ್ಲೇ ನಿಂತಿತ್ತು. ಈ ಬಗೆಯ ಸೆನ್ಸರಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಬಿಸಿಯೇರಿದಂತೆ ಇಳಿಯುತ್ತದೆ: 20 ಡಿಗ್ರಿಯಲ್ಲಿ ಸುಮಾರು 2500 ಓಂ ಇದ್ದದ್ದು 80 ಡಿಗ್ರಿಯಲ್ಲಿ ಸುಮಾರು 300 ಓಂ ಆಗುತ್ತದೆ. ಸೆನ್ಸರನ್ನು ಬಿಡಿಯಾಗಿ ಅಳೆದಾಗ ರೋಧ ಸರಿಯಾಗಿಯೇ ಇತ್ತು. ಕಂಪ್ಯೂಟರಿನ ತುದಿಯಿಂದ, ತಂತಿಯನ್ನೂ ಸೇರಿಸಿ ಅಳೆದಾಗ ಅದರ ಎರಡರಷ್ಟು ತೋರಿಸಿತು. ಕನೆಕ್ಟರನ್ನು ಬಿಚ್ಚಿ ಟಾರ್ಚ್ ಹಿಡಿದರೆ ಎರಡು ಕಡ್ಡಿಗಳಲ್ಲಿ ಒಂದು ಹೊಳೆಯುತ್ತಿತ್ತು, ಇನ್ನೊಂದರ ಬುಡದಲ್ಲಿ ಹಸಿರು ಪುಡಿ.

ಆ ಹಸಿರು ಪುಡಿಗೆ ಕನ್ನಡದಲ್ಲಿ ‘ಕಿಲುಬು’ ಎಂಬ ಚೆನ್ನಾದ ಪದವಿದೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ತಾಂತ್ರಿಕ ಅನುವಾದಗಳಲ್ಲಿ ಎಲ್ಲವೂ ‘ತುಕ್ಕು’ ಆಗಿಬಿಟ್ಟಿದೆ. ತುಕ್ಕು ಹಿಡಿಯುವುದು ಕಬ್ಬಿಣಕ್ಕೆ; ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಚೊಂಬನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿದ ಯಾರಿಗೂ ಈ ಭೇದವನ್ನು ವಿವರಿಸಬೇಕಾಗಿಲ್ಲ. ಕನೆಕ್ಟರಿನ ಕಡ್ಡಿಗಳು ತಾಮ್ರದ ಮಿಶ್ರಲೋಹದವು, ಆದ್ದರಿಂದ ಅವುಗಳಿಗೆ ಕಿಲುಬೇ ಸರಿಯಾದ ಪದ. ಕಾರಿನ ಚೌಕಟ್ಟಿಗೆ ತಂತಿಯನ್ನು ಬಿಗಿಯುವ ಬೋಲ್ಟಿನ ಸುತ್ತ ಏಳುವುದು ಮಾತ್ರ ತುಕ್ಕು.

ಕಿಲುಬು ಹಿಡಿದಿದ್ದ ಕಡ್ಡಿಯನ್ನು ತೋರಿಸಿ ಗೆಳೆಯ ‘ಮಾಸ್ಸೆ’ ಎಂದ. ಆದರೆ ಆ ತಂತಿ ಒಡಲಿಗೂ ಹೋಗುವುದಿಲ್ಲ, ಚೌಕಟ್ಟಿಗೂ ಹೋಗುವುದಿಲ್ಲ. ನೇರವಾಗಿ ಕಂಪ್ಯೂಟರಿಗೆ ಹೋಗಿ, ಅದು ಯಾವುದನ್ನು ಸೊನ್ನೆ ವೋಲ್ಟ್ ಎಂದು ಎಣಿಸುತ್ತದೆಯೋ ಅಲ್ಲಿ ಸೇರುತ್ತದೆ. ಕಂಪ್ಯೂಟರು ತನ್ನೊಳಗಿನ ರೋಧವೊಂದರ ಮೂಲಕ 5 ವೋಲ್ಟ್ ಕೊಟ್ಟು, ಸೆನ್ಸರಿನ ಬಳಿ ಎಷ್ಟು ಉಳಿಯಿತು ಎಂದು ಆ ಸೊನ್ನೆಯಿಂದ ಅಳೆಯುತ್ತದೆ. ನಡುವೆ ಕಿಲುಬು ಕುಳಿತರೆ ಸೆನ್ಸರು ನಿಂತಿರುವ ಸೊನ್ನೆಯೇ ಮೇಲಕ್ಕೆ ಏಳುತ್ತದೆ. ವೋಲ್ಟೇಜಿನ ಅಳತೆ ಹೆಚ್ಚು ಕಾಣುತ್ತದೆ, ಅಂದರೆ ರೋಧ ಹೆಚ್ಚಿರುವಂತೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಬಗೆದು ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ. ಅಂದರೆ ನಾವು ‘ಅರ್ಥ್’ ಎನ್ನುವುದಕ್ಕೆ ಎರಡು ಕೆಲಸಗಳಿವೆ: ಕರೆಂಟಿಗೆ ಹಿಂದಿರುಗುವ ದಾರಿಯಾಗುವುದು ಒಂದು, ಉಳಿದೆಲ್ಲ ಅಳತೆಗಳಿಗೆ ನಿಲ್ಲುವ ತಾಣವಾಗುವುದು ಇನ್ನೊಂದು. ಸೆನ್ಸರ್ ದೋಷಗಳನ್ನು ಹುಡುಕುವವರಿಗೆ ಎರಡನೆಯದೇ ಮುಖ್ಯ.

ನಿಲ್ಲುವ ತಾಣಕ್ಕೆ ನಮ್ಮಲ್ಲಿರುವ ಪದ ‘ನೆಲೆ’. ‘ನೆಲ’ ಎಂದರೆ ಮಣ್ಣು ನೆನಪಾಗುತ್ತದೆ, ‘ನೆಲೆ’ ಎಂದರೆ ನಿಂತ ಜಾಗ. ಎರಡೂ ಪಕ್ಕಪಕ್ಕದಲ್ಲಿದ್ದೂ ಬೇರೆಬೇರೆ. ಅದರೊಂದಿಗೆ ಹೊಂದುವ ಕ್ರಿಯಾಪದಗಳೂ ಮೊದಲೇ ಬಳಕೆಯಲ್ಲಿವೆ. ಸಂಪರ್ಕ ಪೂರ್ತಿ ಕಡಿದರೆ ‘ನೆಲೆ ತಪ್ಪಿದೆ’, ಮೇಲಿನ ಕಥೆಯಂತೆ ಸೊನ್ನೆ ಮೇಲೆದ್ದಿದ್ದರೆ ‘ನೆಲೆ ಏರಿದೆ’, ಸುಲಿದ ತಂತಿ ಲೋಹಕ್ಕೆ ತಾಗುತ್ತಿದ್ದರೆ ‘ನೆಲೆಗೆ ತಾಗಿದೆ’. ಗ್ಯಾರೇಜಿನ ಮಾತಿನಲ್ಲಿ ಬೆರೆತುಹೋಗಿದ್ದ ಆರೋಗ್ಯ ಮತ್ತು ರೋಗಗಳು ಇಲ್ಲಿ ತಾವಾಗಿ ಬೇರ್ಪಡುತ್ತವೆ. ಕಾರ್ವೆಟ್ಟಿಗೂ ಹಳೆಯ ಜಾಗ್ವಾರಿಗೂ ಈ ಪದವನ್ನು ಬದಲಾಯಿಸಬೇಕಾಗಿಲ್ಲ.

ಆಕ್ಷೇಪಗಳೂ ನನಗೆ ತಿಳಿದಿವೆ. ವಾಯುನೆಲೆ, ನೌಕಾನೆಲೆ, ಹಿನ್ನೆಲೆ ಎಂದು ಈ ಪದ ಈಗಾಗಲೇ ಸಾಕಷ್ಟು ಹೊರೆ ಹೊತ್ತಿದೆ. ಸ್ಪಷ್ಟತೆಗಾಗಿ ‘ವಿದ್ಯುನ್ನೆಲೆ’ ಮಾಡಿದರೆ ಅರಿಸಮಾಸವಾಯಿತೆಂದು ಈ ಬಳಗದ ಹಿರಿಯರು ನನ್ನನ್ನು ಬಿಡಲಾರರು, ಅದೂ ಅಲ್ಲದೆ ನಾಲಿಗೆಗೂ ಅದು ಕಷ್ಟ. ‘ಸೊನ್ನೆನೆಲೆ’ ಎಂಬುದು ನನಗೆ ಅದಕ್ಕಿಂತ ಮೇಲು ಎನಿಸುತ್ತದೆ, ಆದರೆ ಬರಿಯ ‘ನೆಲೆ’ ಸಾಕು ಎಂಬ ಕಡೆಗೇ ನನ್ನ ಒಲವು.

ಜೊತೆಗೆ ಇನ್ನೆರಡು ಸಣ್ಣ ಪ್ರಶ್ನೆಗಳಿವೆ. ಒಮ್ಮೆ ಕಾಣಿಸಿ ಮರೆಯಾಗಿ ಮತ್ತೆ ಬರುವ ದೋಷವನ್ನು ಕೆಲವರು ‘ಮಧ್ಯಂತರ ದೋಷ’ ಎಂದು ಬರೆಯುತ್ತಾರೆ. ಮಧ್ಯಂತರ ಆದೇಶ, ಮಧ್ಯಂತರ ಬಜೆಟ್ ಎಂಬುವನ್ನು ದಿನವೂ ಓದುವವರಿಗೆ ಇದು ತಾತ್ಕಾಲಿಕವಾಗಿ ಹೊರಡಿಸಿದ ದೋಷದಂತೆ ಕೇಳಿಸುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರದ ಮಾದರಿಯಲ್ಲಿ ‘ಬಿಟ್ಟುಬರುವ ದೋಷ’ ಎಂದಿದ್ದೇನೆ. ಆಯುರ್ವೇದದ ವಿಷಮಜ್ವರವನ್ನು ನೆನೆದು ‘ವಿಷಮದೋಷ’ ಎನ್ನಲು ಹೊರಟು, ಓದುವವರು ಹೆದರಿಯಾರು ಎಂದು ಕೈಬಿಟ್ಟೆ.

ಎರಡನೆಯದು ಇದಕ್ಕಿಂತ ಕಠಿಣ. ತಾಪದ ಸೆನ್ಸರಿನ ತಂತಿ ಪೂರ್ತಿ ಕಡಿದರೆ ಕಂಪ್ಯೂಟರು ಪಿ0118 ಎಂಬ ಸಂಕೇತವನ್ನು ದಾಖಲಿಸುತ್ತದೆ, ಏಕೆಂದರೆ ಆಗ ಬರುವ ವೋಲ್ಟೇಜು ಯಾವ ತಾಪಕ್ಕೂ ಸಲ್ಲದು. ಅಳತೆ ಮಿತಿಯೊಳಗಿದ್ದೂ ಎಂಜಿನ್ನಿನ ಉಳಿದ ಸ್ಥಿತಿಗೆ ಹೊಂದದಿದ್ದರೆ ಅದಕ್ಕೆ ಪಿ0116 ಎಂಬ ಬೇರೆ ಸಂಕೇತವಿದೆ. ಗೆಳೆಯನ ಕಾರಿನಲ್ಲಿ ಎರಡೂ ಬರಲಿಲ್ಲ. 60 ಡಿಗ್ರಿ ಎಂಬುದು ಕಂಪ್ಯೂಟರು ನಂಬಬಹುದಾದ ಸುಳ್ಳಾಗಿತ್ತು. ಪಿ0116ರಂಥ ಅಳತೆಯನ್ನು ಜರ್ಮನ್ನರು ‘ಅನ್‌ಪ್ಲೌಸಿಬೆಲ್’ ಎನ್ನುತ್ತಾರೆ, ಕನ್ನಡದಲ್ಲಿ ಏನೆನ್ನೋಣ? ‘ಅಸಂಭವ’ ಎಂದರೆ ಆಗಲಾರದ್ದು ಎಂದಾಗುತ್ತದೆ, ‘ಅಸಂಗತ’ ಎಂದರೆ ನಾಟಕದವರು ಕಿವಿ ನಿಮಿರಿಸುತ್ತಾರೆ. ಸದ್ಯಕ್ಕೆ ‘ಹೊಂದದ ಅಳತೆ’ ಎಂದು ಬರೆದಿಟ್ಟಿದ್ದೇನೆ, ತೃಪ್ತಿಯಿಲ್ಲ.

ಕರಡಿನಲ್ಲಿ ಈಗಿರುವ ಸಾಲು ಹೀಗಿದೆ: ‘ಸ್ಟಾರ್ಟರ್ ತಿರುಗುತ್ತಿರುವಾಗ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ವೋಲ್ಟೇಜನ್ನು ಅಳೆಯಿರಿ, 0.2 ವೋಲ್ಟಿಗಿಂತ ಹೆಚ್ಚಿದ್ದರೆ ಎಂಜಿನ್ನಿನ ನೆಲೆ ಏರಿದೆ, ಸೆನ್ಸರನ್ನು ಬದಲಾಯಿಸುವ ಮೊದಲು ನೆಲೆಯ ಪಟ್ಟಿಯನ್ನು ಬಿಚ್ಚಿ ತುಕ್ಕು, ಕಿಲುಬುಗಳನ್ನು ತೆಗೆಯಿರಿ.’ ವಿವರಣೆಯಿಲ್ಲದೆ ಓದಿದವರಿಗೆ ಇದು ತಿಳಿಯುವುದೇ ಎಂಬುದನ್ನು, ಸಾಧ್ಯವಾದರೆ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಗಟ್ಟಿಯಾಗಿ ಓದಿ ನೋಡಿ, ದಯವಿಟ್ಟು ತಿಳಿಸಿ. ಕರಾವಳಿಯಲ್ಲಾಗಲಿ ಧಾರವಾಡದ ಕಡೆಯಲ್ಲಾಗಲಿ ಪಂಪ್‌ಸೆಟ್, ಟ್ರ್ಯಾಕ್ಟರು ರಿಪೇರಿ ಮಾಡುವವರು ‘ಅರ್ಥ್’ ಬಿಟ್ಟು ಬೇರೇನಾದರೂ ಪದ ಬಳಸುವುದನ್ನು ಕೇಳಿದ್ದರೆ ಅದನ್ನೂ ಬರೆಯಿರಿ.