ಹಳದಿ ಹೂವಿನ ಕಾಡು ಲೆಟ್ಯೂಸ್: ಕೆನಡೆನ್ಸಿಸ್ಸೋ, ಸೆರಿಯೋಲಾವೋ?

ಪ್ರಶ್ನೆ
ಜಾಗ ಅಮೆರಿಕದ ಪೂರ್ವ ಭಾಗ, ಕಾಡಿನ ಅಂಚು. ಗಿಡ ಸುಮಾರು 2 ಮೀಟರ್ ಎತ್ತರ, ಸಣ್ಣ ಹಳದಿ ಹೂ, ಮುರಿದರೆ ಹಾಲು. ಕೆಳಗಿನ ಎಲೆಗಳು ಆಳವಾಗಿ ಸೀಳಿವೆ, ಮೇಲಿನವು ಸೀಳಿಲ್ಲದೆ ಉದ್ದಕ್ಕಿವೆ. ಇದು ಅಲ್ಲಿನ ನೆಲದ್ದೇ ಆದ ಲ್ಯಾಕ್ಟುಕಾ ಕೆನಡೆನ್ಸಿಸ್ಸೋ, ಹೊರಗಿನಿಂದ ಬಂದು ಹಬ್ಬಿದ ಲ್ಯಾಕ್ಟುಕಾ ಸೆರಿಯೋಲಾವೋ? ಎಲೆಯ ಆಕಾರ ನೋಡಿ ಹೇಳಬಹುದೇ?

ಉತ್ತರ 1
ಆಕಾರವನ್ನು ನಂಬಬೇಡಿ. ಎರಡೂ ಜಾತಿಗಳಲ್ಲಿ ಸೀಳಿದ ಎಲೆಯವೂ ಇವೆ, ಸೀಳೇ ಇಲ್ಲದವೂ ಇವೆ. ಎಲೆಯನ್ನು ಮಗುಚಿ ನಡುನರದ ಮೇಲೆ ಬೆರಳಾಡಿಸಿ. ಸೆರಿಯೋಲಾ ಆದರೆ ಸಾಲಾಗಿ ಗಟ್ಟಿ ಮುಳ್ಳು ತಾಗುತ್ತವೆ; ಕೆನಡೆನ್ಸಿಸ್‌ನದು ನುಣುಪು, ಹೆಚ್ಚೆಂದರೆ ಮೆತ್ತನೆ ರೋಮ. ಬಿಸಿಲಲ್ಲಿ ಬೆಳೆದ ಸೆರಿಯೋಲಾದ ಎಲೆ ಬುಡದಲ್ಲಿ ತಿರುಚಿಕೊಂಡು ಅಂಚು ಮೇಲಾಗಿ ನಿಲ್ಲುತ್ತದೆ. ನೆರಳಲ್ಲಿ ಹಾಗೆ ನಿಲ್ಲದಿರಬಹುದು, ಆದ್ದರಿಂದ ತಿರುಚಿಲ್ಲ ಎಂದ ಮಾತ್ರಕ್ಕೆ ಕೆನಡೆನ್ಸಿಸ್ ಎನ್ನುವಂತಿಲ್ಲ.

ಉತ್ತರ 2
ಹಾಲಿನ ಬಣ್ಣವನ್ನೂ ನೋಡಿ. ಕೆನಡೆನ್ಸಿಸ್‌ನದು ತಿಳಿಗಂದು, ಸೆರಿಯೋಲಾದ್ದು ಬಿಳಿ. ಆದರೆ ಕತ್ತರಿಸಿದ ಕೂಡಲೇ ನೋಡಬೇಕು. ಬಿಳಿ ಹಾಲೂ ಒಣಗುತ್ತಾ ಕಂದಾಗುತ್ತದೆ, ತಪ್ಪಾಗುವುದು ಅಲ್ಲೇ.

ಪೂರ್ತಿ ಖಾತ್ರಿ ಬೇಕಿದ್ದರೆ ಬಲಿತ ಬೀಜವನ್ನು 10 ಪಟ್ಟು ಹಿಗ್ಗಿಸುವ ಮಸೂರದಡಿ ಇಡಿ. ಎರಡರದ್ದೂ ಚಪ್ಪಟೆ, ತುದಿಯಲ್ಲಿ ದಾರದಂಥ ಕೊಕ್ಕು, ಅದರ ಮೇಲೆ ಬಿಳಿ ಕುಚ್ಚು. ಕೆನಡೆನ್ಸಿಸ್ ಬೀಜದ ಒಂದೊಂದು ಮೈಯಲ್ಲೂ ನಡುವೆ ಒಂದೇ ಏಣು ಎದ್ದು ಕಾಣುತ್ತದೆ; ಸೆರಿಯೋಲಾದಲ್ಲಿ ಸಾಮಾನ್ಯವಾಗಿ 5 ಅಥವಾ ಹೆಚ್ಚು. ಕೊಕ್ಕೇ ಇಲ್ಲದಿದ್ದರೆ, ಹೂವೂ ಹಳದಿಯೇ ಆಗಿದ್ದರೆ, ಅದು ಲ್ಯಾಕ್ಟುಕಾ ಅಲ್ಲದೆ, ನೋಡಲು ಹಾಗೇ ಇರುವ, ಹಾಲುಳ್ಳ ಸೋಂಕಸ್ ಎಂಬ ಬೇರೆ ಕಳೆ ಇರಬಹುದು.

ಪ್ರಶ್ನೆ ಕೇಳಿದವರು
ಮುಳ್ಳಿಲ್ಲ, ಹಾಲು ಕಂದು. ಆದರೆ ಬಾಡಿದ ಕೆಲವು ಹೂ ನೀಲಿಯಾಗಿ ಕಾಣುತ್ತಿವೆ. ನೀಲಿ ಹೂವಿನ ಬೇರೆ ಜಾತಿ ಇರಬಹುದೇ?

ಉತ್ತರ 3
ಹಳದಿ ಹೂವೂ ಬಾಡಿದಾಗ ನೀಲಿಗೆ ತಿರುಗುವುದುಂಟು. ಬೆಳಗ್ಗೆ ಅರಳಿರುವಾಗಲೇ ನೋಡಿ, ಆಮೇಲೆ ಮುಚ್ಚಿಕೊಳ್ಳುತ್ತದೆ. ಅರಳಿದ್ದೂ ನೀಲಿ ಇದ್ದರೆ ಕುಚ್ಚಿನ ಬಣ್ಣ ನೋಡಬೇಕು: ಕಂದಾದರೆ ಲ್ಯಾಕ್ಟುಕಾ ಬಯೆನ್ನಿಸ್, ಬಿಳಿಯಾದರೆ ಲ್ಯಾಕ್ಟುಕಾ ಫ್ಲೋರಿಡಾನಾ.

ಜಾಗವೂ ಸುಳಿವು ಕೊಡುತ್ತದೆ. ಕೆನಡೆನ್ಸಿಸ್ ಕಾಡಿನ ಅಂಚು, ಮರ ಕಡಿದ ಬಯಲು, ಪೊದೆಗಳ ಬದಿ, ಪಾಳುಬಿದ್ದ ಹೊಲಗಳಲ್ಲಿ ಹೆಚ್ಚು; ಸೆರಿಯೋಲಾಗೆ ಒಣ, ಕೆದಕಿದ ಮಣ್ಣು, ರಸ್ತೆಬದಿ ಒಗ್ಗುತ್ತದೆ. ಆದರೆ ಕೆನಡೆನ್ಸಿಸ್ ರಸ್ತೆಬದಿಗೂ ಬರುತ್ತದೆ, ಜಾಗವೊಂದನ್ನೇ ನೆಚ್ಚಬೇಡಿ. ಎತ್ತರವನ್ನೂ ಅಷ್ಟೇ: ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿದ ಗಿಡ ಬುಡದಿಂದ ಕವಲೊಡೆದು ಗಿಡ್ಡಕ್ಕೇ ಹೂ ಬಿಡುತ್ತದೆ.